ಲೀಗ್ ಶುರು ಮಾಡುವುದು ಸುಲಭ, ನಷ್ಟ ಹೊರುವವರು ಯಾರು?

2025ರ ನವೆಂಬರ್ 7. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗನ್ನು ನಡೆಸಲು ಯಾರಾದರೂ ಬನ್ನಿ ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಟೆಂಡರ್ ಕರೆದಿತ್ತು. ಅವತ್ತು ಅದಕ್ಕೆ ಕೊನೆಯ ದಿನ. ಸಿಗುವುದು 15 ವರ್ಷದ ಹಕ್ಕು. ಬದಲಿಗೆ ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಅಥವಾ ಒಟ್ಟು ಆದಾಯದ ಶೇ 5, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಫೆಡರೇಷನ್‌ಗೆ ಕಟ್ಟಬೇಕು. ದಿನ ಮುಗಿಯಿತು. ಒಂದೇ ಒಂದು ಬಿಡ್ ಬರಲಿಲ್ಲ.

ವಿಶ್ವಕಪ್ ಬಂದರೆ ಕೇರಳದಲ್ಲಿ ಊರೂರಿಗೆ ಮೆಸ್ಸಿ, ನೇಮರ್ ಕಟೌಟ್ ನಿಲ್ಲುತ್ತವೆ. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ 1997ರಲ್ಲಿ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯ ನೋಡಲು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಇಷ್ಟು ಪ್ರೀತಿ ಇರುವ ಆಟಕ್ಕೆ ಲೀಗ್ ನಡೆಸುವವರು ಸಿಗಲಿಲ್ಲ ಅಂದ್ರೆ ಹೇಗೆ?

ಇದು ಗೊತ್ತಾಗಬೇಕಾದರೆ ಲೆಕ್ಕದ ಪುಸ್ತಕ ತೆಗೆಯಬೇಕು. ಯಾಕೆಂದರೆ ನಮ್ಮಲ್ಲಿ ರಾಷ್ಟ್ರೀಯ ಲೀಗ್ ಶುರುವಾಗಿದ್ದು ಒಂದು ಸಲ ಅಲ್ಲ, ಮೂರು ಸಲ. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್. ಈಗ ನಾಲ್ಕನೇ ಸಲ ಅಡಿಪಾಯ ತೋಡುವ ಮಾತು ನಡೆದಿದೆ.

ಐಪಿಎಲ್ ಅಚ್ಚು ಇಲ್ಲಿ ಕೂರುವುದಿಲ್ಲ

ಲೀಗ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಐಪಿಎಲ್. 2008ರಲ್ಲಿ ಶುರುವಾಯಿತು, ದುಡ್ಡು ಹರಿದುಬಂತು. ಫುಟ್‌ಬಾಲ್‌ಗೂ ಅದೇ ಅಚ್ಚು ಒತ್ತಿದರಾಯಿತು ಅಲ್ವಾ? 2014ರಲ್ಲಿ ತುಂಬ ಜನ ಹೀಗೇ ಅಂದುಕೊಂಡಿದ್ದರು.

2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಟಿಕೆಟ್ ಮಾರಾಟ ಸ್ವಲ್ಪ ಕೈಕೊಟ್ಟರೂ ಮಾಲೀಕರಿಗೆ ನಿದ್ದೆ ಕೆಡುವುದಿಲ್ಲ. ಕ್ರಿಕೆಟ್ಟಿಗೆ ಇಷ್ಟು ದುಡ್ಡು ಬರುವುದಕ್ಕೆ ಜನ ನೋಡುತ್ತಾರೆ ಎಂಬುದು ಮೊದಲ ಕಾರಣ, ಸರಿ. ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಕಾರಣವೂ ಇದೆ. ಪ್ರತಿ ಓವರ್ ಮುಗಿದಾಗ ಒಂದು ಜಾಹೀರಾತು ತೂರಿಸಬಹುದು. ವಿಕೆಟ್ ಬಿದ್ದರೆ ಇನ್ನೊಂದು. ಫುಟ್‌ಬಾಲ್‌ನಲ್ಲಿ 45 ನಿಮಿಷ ಜಾಹೀರಾತಿಗೆ ಸಂದೇ ಇರುವುದಿಲ್ಲ. ನಡುವೆ ಸಿಗುವುದು 15 ನಿಮಿಷದ ವಿರಾಮ. ಆಗ ಜನ ಕಾಫಿ ಮಾಡಿಕೊಳ್ಳಲು ಎದ್ದುಹೋಗಿರುತ್ತಾರೆ. ಹಾಗಾಗಿ ಅಷ್ಟೇ ಜನ ನೋಡಿದರೂ ಟಿವಿಯವರಿಗೆ ಫುಟ್‌ಬಾಲ್ ಪಂದ್ಯದಿಂದ ಹುಟ್ಟುವ ದುಡ್ಡು ಕಡಿಮೆ.

ಖರ್ಚು ಮಾತ್ರ ಇದಕ್ಕೆ ಉಲ್ಟಾ. ಐಪಿಎಲ್ ತಂಡ ಎರಡು ತಿಂಗಳ ಸಂಸಾರ. ಆಟಗಾರನನ್ನು ಚಿಕ್ಕಂದಿನಿಂದ ಸಾಕಿ ಬೆಳೆಸಿದ್ದು ಯಾವುದೋ ರಾಜ್ಯ ಸಂಸ್ಥೆ. ಫ್ರಾಂಚೈಸಿ ಹರಾಜಿನಲ್ಲಿ ಕೂಗಿ ಕರೆದುಕೊಂಡು ಬರುತ್ತದೆ, ಆಡಿಸುತ್ತದೆ, ಕಳಿಸುತ್ತದೆ. ಫುಟ್‌ಬಾಲ್ ಕ್ಲಬ್ ಹಾಗಲ್ಲ. ಇಪ್ಪತ್ತೈದು ಮೂವತ್ತು ಆಟಗಾರರು, ಅವರಲ್ಲಿ ಆರರವರೆಗೆ ವಿದೇಶಿಯರು, ಕೋಚ್‌ಗಳು, ಫಿಸಿಯೊಗಳು, ಕಿರಿಯರ ತಂಡಗಳು, ಅಭ್ಯಾಸಕ್ಕೊಂದು ಮೈದಾನ. ಇದಿಷ್ಟನ್ನೂ ವರ್ಷಪೂರ್ತಿ ಸಾಕಬೇಕು.

ಓಡಾಟದ ಲೆಕ್ಕವನ್ನೂ ಹಾಕಿ ನೋಡಿ. 14 ತಂಡಗಳು ತವರಿನಲ್ಲೊಂದು, ಹೊರಗೊಂದು ಎಂದು ಎಲ್ಲರೊಂದಿಗೂ ಆಡಿದರೆ 182 ಪಂದ್ಯ. ಗುವಾಹಟಿಯಿಂದ ಕೊಚ್ಚಿಗೆ, ಕೊಚ್ಚಿಯಿಂದ ಜಮ್‌ಶೆಡ್‌ಪುರಕ್ಕೆ, ಒಂದೊಂದು ಪಂದ್ಯಕ್ಕೂ ನಲವತ್ತರ ಹತ್ತಿರದ ಜನ ಸರಂಜಾಮು ಸಮೇತ ವಿಮಾನ ಹತ್ತಬೇಕು. ಅದೇ 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯನ್ನು ನೋಡಿ. ಒಳಾಂಗಣದಲ್ಲಿ ಒಂದು ಮ್ಯಾಟ್ ಹಾಸಿದರೆ ಮುಗಿಯಿತು, ಒಂದೇ ಸಂಜೆ ಎರಡು ಪಂದ್ಯ ಮುಗಿಸಬಹುದು. ಕಬಡ್ಡಿ ಗೆದ್ದಿತು, ಫುಟ್‌ಬಾಲ್ ಯಾಕೆ ಸೋತಿತು ಎಂದು ಕೇಳುವವರು ಇದನ್ನು ಮರೆತಿರುತ್ತಾರೆ.

ಯುರೋಪಿನ ಸಣ್ಣ ಕ್ಲಬ್‌ಗಳು ಬದುಕುವ ಇನ್ನೊಂದು ದಾರಿ ಇದೆ. ಹುಡುಗರನ್ನು ಬೆಳೆಸಿ ದೊಡ್ಡ ಕ್ಲಬ್‌ಗಳಿಗೆ ಒಳ್ಳೆಯ ಬೆಲೆಗೆ ಮಾರುವುದು. ನಮ್ಮ ಆಟಗಾರರನ್ನು ಹೊರದೇಶದವರು ಕೊಳ್ಳುವುದು ತೀರಾ ಅಪರೂಪ. ಇಲ್ಲೇ ಒಂದು ಕ್ಲಬ್ ಇನ್ನೊಂದು ಕ್ಲಬ್ಬಿಗೆ ಮಾರುತ್ತದೆ. ಎಡಗೈಯ ದುಡ್ಡು ಬಲಗೈಗೆ.

ಹಾಗಾಗಿ ಹೊಸ ಫುಟ್‌ಬಾಲ್ ಲೀಗ್ ಮೊದಲ ಹತ್ತು ಹದಿನೈದು ವರ್ಷ ನಷ್ಟದಲ್ಲೇ ಓಡುತ್ತದೆ ಅಂದುಕೊಂಡೇ ಕೂರಬೇಕು. ಆ ನಷ್ಟವನ್ನು ಯಾರು, ಎಷ್ಟು ವರ್ಷ, ಯಾವ ಆಸೆಗೆ ಹೊರುತ್ತಾರೆ? ಲೀಗ್ ಉಳಿಯುವುದೂ ಅಳಿಯುವುದೂ ಈ ಒಂದು ಪ್ರಶ್ನೆಯ ಮೇಲೆ ಎಂದು ನನಗನ್ನಿಸುತ್ತದೆ.

ಅಮೆರಿಕ ಎರಡು ಸಲ ಕಟ್ಟಿತು

1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದರು. ಎದುರಾಳಿ ಮೋಹನ್ ಬಾಗನ್, ಪಂದ್ಯ 2–2 ಡ್ರಾ. ಪೆಲೆ ಅವತ್ತು ಹಾಕಿದ್ದು ನ್ಯೂಯಾರ್ಕ್‌ನ ಕಾಸ್ಮೋಸ್ ಕ್ಲಬ್ಬಿನ ಜೆರ್ಸಿ. ಆ ಕ್ಲಬ್ ಆಡುತ್ತಿದ್ದ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಆಗ ಮೆರೆಯುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕಾಸ್ಮೋಸ್‌ನ ಒಂದು ತವರಿನ ಪಂದ್ಯಕ್ಕೆ 77,691 ಜನ ಬಂದಿದ್ದರು. ಇದನ್ನು ನೋಡಿ ದುಡ್ಡಿದ್ದವರೆಲ್ಲ ತಮಗೂ ಒಂದು ತಂಡ ಇರಲಿ ಎಂದು ನುಗ್ಗಿದರು. 1978ಕ್ಕೆ ತಂಡಗಳ ಸಂಖ್ಯೆ 24. ಎಲ್ಲರೂ ಕಾಸ್ಮೋಸ್‌ನಂತೆ ಖರ್ಚು ಮಾಡಿದರು, ಕಾಸ್ಮೋಸ್‌ನಂತೆ ಜನ ಮಾತ್ರ ಬರಲಿಲ್ಲ. 1984ರ ನಂತರ ಲೀಗೇ ಇಲ್ಲ.

1994ರ ವಿಶ್ವಕಪ್ ನಡೆಸಲು ಅವಕಾಶ ಸಿಕ್ಕಾಗ ಅಮೆರಿಕ ಒಂದು ಮಾತು ಕೊಡಬೇಕಾಯಿತು: ಹೊಸ ವೃತ್ತಿಪರ ಲೀಗ್ ಕಟ್ಟುತ್ತೇವೆ ಎಂದು. ಹೀಗೆ 1996ರಲ್ಲಿ ಮೇಜರ್ ಲೀಗ್ ಸಾಕರ್ ಬಂತು. ಈ ಸಲ 10 ತಂಡ ಅಷ್ಟೇ. ನಮ್ಮ ನ್ಯಾಷನಲ್ ಲೀಗ್ ಶುರುವಾದದ್ದೂ ಅದೇ ವರ್ಷ, ನೆನಪಿರಲಿ.

ಅವರು ಮಾಡಿದ ಜಾಣತನ ಒಂದಿದೆ. ನಮ್ಮ ನಂದಿನಿ ಹಾಲನ್ನೇ ತೆಗೆದುಕೊಳ್ಳಿ. ಜಿಲ್ಲೆಗಳಲ್ಲಿ ಬೇರೆ ಬೇರೆ ಒಕ್ಕೂಟಗಳಿದ್ದರೂ ಮಾರುಕಟ್ಟೆಯಲ್ಲಿ ಹೆಸರು ಒಂದೇ, ತಮ್ಮತಮ್ಮಲ್ಲೇ ದರದ ಜಗಳ ಇಲ್ಲ. ಅಮೆರಿಕದವರೂ ಹೆಚ್ಚುಕಡಿಮೆ ಹಾಗೇ ಮಾಡಿದರು. ಇಡೀ ಲೀಗ್ ಒಂದೇ ಕಂಪನಿ, ತಂಡದ ಮಾಲೀಕರು ಅದರ ಪಾಲುದಾರರು. ಆಟಗಾರನ ಒಪ್ಪಂದ ಲೀಗ್ ಜೊತೆಗೆ, ತಂಡದ ಜೊತೆಗಲ್ಲ. ಒಬ್ಬ ಆಟಗಾರನಿಗೋಸ್ಕರ ಎರಡು ತಂಡ ಹರಾಜು ಕೂಗಿ ಎರಡೂ ಮುಳುಗುವ ಪ್ರಮೇಯವೇ ಬರಲಿಲ್ಲ.

ಹೀಗಿದ್ದೂ ಮೊದಲ ಐದು ವರ್ಷದಲ್ಲಿ ಸುಮಾರು 25 ಕೋಟಿ ಡಾಲರ್ ನಷ್ಟವಾಯಿತು. ಡ್ರಾ ಆದರೆ ಅಮೆರಿಕದವರಿಗೆ ಬೇಜಾರು ಎಂದು 35 ಗಜದಿಂದ ಚೆಂಡು ಓಡಿಸಿಕೊಂಡು ಬರುವ ಶೂಟೌಟ್ ತಂದರು. ಗಡಿಯಾರವನ್ನು ಹಿಮ್ಮುಖವಾಗಿ ಓಡಿಸಿದರು. ಈ ಸರ್ಕಸ್‌ಗೆ ಹೊಸಬರು ಬರಲಿಲ್ಲ, ಹಳಬರು ನಕ್ಕರು. 2002ರ ಹೊತ್ತಿಗೆ ಫ್ಲಾರಿಡಾದ ಎರಡು ತಂಡ ಮುಚ್ಚಬೇಕಾಯಿತು. ಒಂದು ಹಂತದಲ್ಲಂತೂ ಹತ್ತರಲ್ಲಿ ಆರು ತಂಡಗಳು ಫಿಲಿಪ್ ಆನ್‌ಷುಟ್ಸ್ ಎಂಬ ಒಬ್ಬನೇ ಉದ್ಯಮಿಯ ಕೈಯಲ್ಲಿದ್ದವು. ಅವನು ಸಾಕು ಎಂದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಅವನು ಸಾಕು ಅನ್ನಲಿಲ್ಲ. ಆ ವರ್ಷಗಳಲ್ಲೇ ಫುಟ್‌ಬಾಲ್‌ಗೆಂದೇ ಕಟ್ಟಿದ ಸಣ್ಣ ಕ್ರೀಡಾಂಗಣಗಳು ಒಂದೊಂದಾಗಿ ಎದ್ದವು. 1999ರಲ್ಲಿ ಕೊಲಂಬಸ್ ನಗರದಲ್ಲಿ ಎದ್ದದ್ದು ಮೊದಲನೆಯದು.

ಇಂಗ್ಲೆಂಡಿನ ತಾರೆ ಬೆಕಮ್ ಅಲ್ಲಿಗೆ ಆಡಲು ಬಂದದ್ದು 2007ರಲ್ಲಿ, ಲೀಗಿಗೆ ಹನ್ನೊಂದು ತುಂಬಿದ ಮೇಲೆ. ಆ್ಯಪಲ್ ಕಂಪನಿಯ ಜೊತೆ ಹತ್ತು ವರ್ಷದ ದೊಡ್ಡ ಪ್ರಸಾರ ಒಪ್ಪಂದ ಜಾರಿಗೆ ಬಂದದ್ದು 2023ರಲ್ಲಿ. 2025ಕ್ಕೆ ತಂಡಗಳು 30. ಮೊದಲು ಮನೆ, ಆಮೇಲೆ ನಂಟರು. ನಾವು 2014ರಲ್ಲಿ ನಂಟರನ್ನು ಮೊದಲೇ ಕರೆದುಬಿಟ್ಟೆವು.

ಜಪಾನಿನಲ್ಲಿ ಕಂಪನಿಯ ಹೆಸರು ಕಿತ್ತುಹಾಕಿದ್ದು

ನಮಗೆ ಹತ್ತಿರದ ಕಥೆ ಜಪಾನಿನದು. ಯಾಕೆಂದರೆ 1993ಕ್ಕೆ ಮೊದಲು ಅಲ್ಲಿನ ಫುಟ್‌ಬಾಲ್ ಥೇಟ್ ನಮ್ಮ ಬೆಂಗಳೂರಿನ ಹಾಗೇ ಇತ್ತು. ನಮ್ಮಲ್ಲಿ ಎಚ್‌ಎಎಲ್, ಐಟಿಐ ಇದ್ದಂತೆ ಅಲ್ಲಿ ಮಿತ್ಸುಬಿಷಿ, ನಿಸಾನ್ ತಂಡಗಳು. ಆಟಗಾರರು ಕಂಪನಿಯ ನೌಕರರು. ಪಂದ್ಯಕ್ಕೆ ಬರುವವರು ಮುಖ್ಯವಾಗಿ ಸಹೋದ್ಯೋಗಿಗಳು.

ವೃತ್ತಿಪರ ಲೀಗ್ ಕಟ್ಟಲು ಹೊರಟ ಸಬುರೊ ಕವಾಬುಚಿ ಒಂದು ಷರತ್ತು ಹಾಕಿದರು. ತಂಡದ ಹೆಸರಿನಲ್ಲಿ ಕಂಪನಿ ಇರಕೂಡದು, ಊರು ಇರಬೇಕು. ಮಿತ್ಸುಬಿಷಿ ತಂಡ ಉರಾವಾ ರೆಡ್ಸ್ ಆಯಿತು. ನಿಸಾನ್ ತಂಡ ಯೊಕೊಹಾಮಾ ಮರಿನೋಸ್ ಆಯಿತು. ದುಡ್ಡು ಹಾಕುವವರು ನಾವು, ಹೆಸರು ಮಾತ್ರ ಊರಿನದಾ ಎಂದು ಯೊಮಿಯುರಿ ಪತ್ರಿಕಾ ಸಮೂಹದವರು ವರ್ಷಗಟ್ಟಲೆ ಜಗಳ ಆಡಿದರು. ಕವಾಬುಚಿ ಬಗ್ಗಲಿಲ್ಲ.

ಕಶಿಮಾ ಎಂಬ ಪುಟ್ಟ ಊರಿನ ಕಥೆ ಇನ್ನೂ ಚೆಂದ. ಜನಸಂಖ್ಯೆ ಸುಮಾರು 45 ಸಾವಿರ. ಅಲ್ಲಿನ ಉಕ್ಕಿನ ಕಾರ್ಖಾನೆಯ ತಂಡ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಬಂದಾಗ ಕವಾಬುಚಿ ನಿಮ್ಮ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆ ಎಂದರು. ತೊಲಗಲಿ ಎಂದು 15 ಸಾವಿರ ಜನ ಕೂರುವ, ಸೂರಿರುವ ಕ್ರೀಡಾಂಗಣ ಕಟ್ಟಿದರೆ ನೋಡೋಣ ಎಂದರು. ಅವರು ನಿಜಕ್ಕೂ ಕಟ್ಟಿಬಿಟ್ಟರು. ಆ ಕಶಿಮಾ ಆಂಟ್ಲರ್ಸ್ ಮುಂದೆ ಜಪಾನಿನ ಅತ್ಯಂತ ಯಶಸ್ವಿ ಕ್ಲಬ್ ಆಯಿತು.

1993ರ ಮೇ 15ರಂದು ಟೋಕಿಯೊದಲ್ಲಿ ಮೊದಲ ಪಂದ್ಯಕ್ಕೆ 59,626 ಜನ ಬಂದರು. ಆಮೇಲೆ ಹುಚ್ಚು ಇಳಿಯಿತು. 1994ರಲ್ಲಿ ಪಂದ್ಯಕ್ಕೆ ಸರಾಸರಿ 19 ಸಾವಿರ ದಾಟಿದ್ದ ಪ್ರೇಕ್ಷಕರು 1997ಕ್ಕೆ 10 ಸಾವಿರಕ್ಕೆ ಕುಸಿದರು. 1998ರಲ್ಲಿ ಯೊಕೊಹಾಮಾ ಫ್ಲೂಗಲ್ಸ್ ಎಂಬ ಕ್ಲಬ್ಬೇ ಇನ್ನೊಂದರಲ್ಲಿ ಕರಗಿಹೋಯಿತು. ಆದರೂ ಲೀಗ್ ಸಾಯಲಿಲ್ಲ. 1999ರಲ್ಲಿ ಎರಡನೇ ದರ್ಜೆಯನ್ನೂ ತೆರೆದರು. ಹತ್ತು ಕ್ಲಬ್‌ಗಳಿಂದ ಶುರುವಾದದ್ದು ಮೂರು ದರ್ಜೆ ಸೇರಿ 60 ಆಗಿದೆ. ಅಲ್ಲಿಯವರೆಗೆ ವಿಶ್ವಕಪ್ ಮುಖವನ್ನೇ ನೋಡದಿದ್ದ ಜಪಾನ್ 1998ರಿಂದ ಒಂದನ್ನೂ ತಪ್ಪಿಸಿಕೊಂಡಿಲ್ಲ.

ಕಂಪನಿಯ ಹೆಸರು ತೆಗೆದಿದ್ದಕ್ಕೂ ಲೀಗ್ ಉಳಿದಿದ್ದಕ್ಕೂ ಏನು ಸಂಬಂಧ? ಕಂಪನಿಗೆ ಕಷ್ಟ ಬಂದಾಗ ಅದು ಮೊದಲು ಕತ್ತರಿಸುವುದೇ ಇಂಥ ಖರ್ಚನ್ನು. ಊರಿನ ಹೆಸರಿದ್ದರೆ ಹೋದ ಮಾಲೀಕನ ಜಾಗಕ್ಕೆ ಇನ್ನೊಬ್ಬ ಬರಬಹುದು. ನಗರಸಭೆ ಕೈಹಿಡಿಯಬಹುದು. ಅಭಿಮಾನಿಗಳೇ ಚಂದಾ ಎತ್ತಬಹುದು. ಚೀನಾದಲ್ಲಿ ಇದರ ತಿರುವುಮುರುವು ನಡೆಯಿತು. ಜಿಯಾಂಗ್ಸು ತಂಡ 2020ರ ನವೆಂಬರ್‌ನಲ್ಲಿ ಚಾಂಪಿಯನ್ ಆಯಿತು, 2021ರ ಫೆಬ್ರವರಿಗೆ ಬಾಗಿಲು ಹಾಕಿತು. ಏಷ್ಯಾ ಚಾಂಪಿಯನ್ ಪಟ್ಟವನ್ನು ಎರಡು ಸಲ ಗೆದ್ದಿದ್ದ ಗುವಾಂಗ್‌ಝೌ ಕೂಡ 2025ರಲ್ಲಿ ಇಲ್ಲವಾಯಿತು. ಎರಡರ ಹಿಂದೆಯೂ ಸಾಲದಲ್ಲಿ ಮುಳುಗಿದ ದೊಡ್ಡ ಕಂಪನಿಗಳಿದ್ದವು.

ನಮ್ಮಲ್ಲಿ ಆದದ್ದು

1996–97ರ ಮೊದಲ ನ್ಯಾಷನಲ್ ಲೀಗ್ ಗೆದ್ದದ್ದು ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ಸ್. ಆ ತಂಡ 2011ರಲ್ಲಿ ಮುಚ್ಚಿತು. 2005–06ರ ಚಾಂಪಿಯನ್ ಮಹೀಂದ್ರಾ ಯುನೈಟೆಡ್ 2010ರಲ್ಲೇ ಮುಚ್ಚಿತ್ತು. ಕಾರಣ ಮೇಲೆ ಹೇಳಿದ್ದೇ. ಟಿವಿಯಿಂದ ಬರುವುದು ಏನೂ ಇಲ್ಲ, ಕಂಪನಿಗೆ ಒಂದು ದಿನ ಸಾಕೆನಿಸಿತು.

2010ರ ಡಿಸೆಂಬರ್‌ನಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಐಎಂಜಿ–ರಿಲಯನ್ಸ್‌ಗೆ ಬರೆದುಕೊಟ್ಟಿತು. ಸರಾಸರಿ ವರ್ಷಕ್ಕೆ 47 ಕೋಟಿಯಷ್ಟು. ನಷ್ಟ ಹೊರಲು ಕೊನೆಗೂ ಒಬ್ಬರು ಸಿಕ್ಕರು. 2014ರ ಅಕ್ಟೋಬರ್ 12ರಂದು ಎಂಟು ತಂಡಗಳ ಸೂಪರ್ ಲೀಗ್ ಶುರುವಾಯಿತು. ಯುರೋಪಿನ ಹೆಸರಾಂತ ಆಟಗಾರರಾದ ದೆಲ್ ಪಿಯೆರೊ, ಪಿರೆಸ್, ಅನೆಲ್ಕಾ, ಮಟೆರಾಜಿ ಬಂದರು. ನೋಡಲು ಹಬ್ಬವೇ. ಆದರೆ ಅದು ಎರಡೂವರೆ ತಿಂಗಳ ಜಾತ್ರೆ. ಫ್ರಾಂಚೈಸಿಗಳು ಲೀಗಿನಿಂದ ಪಡೆಯುವುದಿರಲಿ, ವರ್ಷಕ್ಕೆ ಹತ್ತು ಕೋಟಿಗೂ ಮೀರಿದ ಶುಲ್ಕವನ್ನು ತಾವೇ ಕಟ್ಟಬೇಕಿತ್ತು. ಅತ್ತ ಐ-ಲೀಗ್ ಬೇರೆಯೇ ನಡೆಯುತ್ತಿತ್ತು. ಒಂದೇ ದೇಶಕ್ಕೆ ಎರಡು ಲೀಗ್! ಬೇಸತ್ತ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್‌ಗಳು 2016ರಲ್ಲಿ ಐ-ಲೀಗ್ ಬಿಟ್ಟು ಹೊರನಡೆದವು. ಆಟದ ಊರೆಂದೇ ಹೆಸರಾದ ಗೋವಾಕ್ಕೇ ಈ ಗತಿ.

ಬೆಂಗಳೂರು ಈ ಕಥೆಯಲ್ಲಿ ಸ್ವಲ್ಪ ಬೇರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಐ-ಲೀಗನ್ನು ಮೊದಲ ಯತ್ನದಲ್ಲೇ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. 2017ರಲ್ಲಿ ಸೂಪರ್ ಲೀಗಿಗೆ ಹೋಯಿತು, 2018–19ರಲ್ಲಿ ಅದನ್ನೂ ಗೆದ್ದಿತು. ಹೆಸರಿನಲ್ಲಿ ಊರು, ಹಿಂದೆ ದುಡ್ಡಿರುವ ಕಂಪನಿ, ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಹಾಡುವ ಅಭಿಮಾನಿ ಹುಡುಗರು. ಜಪಾನಿನ ಪಾಠಕ್ಕೆ ನಮ್ಮಲ್ಲಿ ಹತ್ತಿರ ಬಂದ ಉದಾಹರಣೆ ಇದೇ. ಆದರೆ ಅಂಥ ಕ್ಲಬ್ಬೂ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಸಂಬಳ ತಡೆಹಿಡಿಯುವುದಾಗಿ ಹೇಳಬೇಕಾಯಿತು. ಯಾಕೆಂದರೆ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನು ಎಂದು ಯಾರೂ ಹೇಳಿರಲಿಲ್ಲ. ಜುಲೈನಲ್ಲೇ ಲೀಗ್ ನಡೆಸುವವರು ಋತುವನ್ನು ತಡೆಹಿಡಿದಿದ್ದರು.

ಆಮೇಲೆ ಬಂದದ್ದೇ ಆ ಟೆಂಡರ್. ಯಾರೂ ಬರದ ಕಾರಣ ಈಗ ಅರ್ಥವಾಗುತ್ತದೆ. ದುಡ್ಡು ಹಾಕುವವರು ನೀವು, ಆದರೆ ಲೀಗ್ ನಮ್ಮದು ಎಂಬಂತಿತ್ತು ಷರತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಫೆಡರೇಷನ್‌ನ ಹೊಸ ಸಂವಿಧಾನದ ಪ್ರಕಾರ ಅಗ್ರ ಲೀಗನ್ನು ಫೆಡರೇಷನ್ನೇ ನಡೆಸಬೇಕು, ಅದರಲ್ಲಿ ಬಡ್ತಿ–ಹಿಂಬಡ್ತಿ ಇರಬೇಕು.

ಬಡ್ತಿ–ಹಿಂಬಡ್ತಿ ಅಂದರೆ ಕೆಳಗಿನ ಲೀಗ್ ಗೆದ್ದವರು ಮೇಲೆ, ಮೇಲೆ ಸೋತವರು ಕೆಳಗೆ. ಬಡ್ತಿ ನಮ್ಮಲ್ಲಿ ಶುರುವಾಗಿದೆ. 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ ಬಂದವು. ಹಿಂಬಡ್ತಿ ಎಂದರೆ ಮಾತ್ರ ಮಾಲೀಕರಿಗೆ ಎದೆ ನಡುಗುತ್ತದೆ. ಹತ್ತು ವರ್ಷ ನಷ್ಟ ಹೊತ್ತು, ಒಂದು ಕೆಟ್ಟ ಋತುವಿಗೆ ಎಲ್ಲ ಹೋಯಿತು ಅಂದರೆ? ಅಭಿಮಾನಿಯಾಗಿ ನನಗೆ ಹಿಂಬಡ್ತಿ ಬೇಕು. ಅದಿಲ್ಲದಿದ್ದರೆ ಅಂಕಪಟ್ಟಿಯ ಕೆಳಗಿನ ಅರ್ಧ ಸುಮ್ನೆ ಕಾಲ ತಳ್ಳುತ್ತದೆ. ಆದರೆ ದುಡ್ಡು ಹಾಕುವವನ ಭಯವೂ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಕೆಳಗಿಳಿದ ಕ್ಲಬ್ಬಿಗೆ ಕೆಲವು ವರ್ಷ ಪರಿಹಾರದ ಹಣ ಕೊಡುತ್ತಾರೆ. ನಮ್ಮಲ್ಲೂ ಅಂಥ ದಿಂಬು ಇಟ್ಟು ಬೀಳಿಸಬೇಕು.

ನಾಲ್ಕನೇ ಸಲ ನಿಲ್ಲುತ್ತದಾ?

2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ಎಂದು ಪ್ರಕಟಿಸಿದರು. 14 ತಂಡಗಳು, 91 ಪಂದ್ಯ. ಅಂದರೆ ಮೇಲೆ ಲೆಕ್ಕ ಹಾಕಿದ 182ರ ಸರಿಯಾಗಿ ಅರ್ಧ. ಒಬ್ಬೊಬ್ಬರಿಗೆ 13 ಪಂದ್ಯ. ಏಷ್ಯಾದ ಟೂರ್ನಿಗಳಿಗೆ ಹೋಗಬೇಕಾದರೆ ಕ್ಲಬ್ ಋತುವಿನಲ್ಲಿ ಕನಿಷ್ಠ 24 ಪಂದ್ಯ ಆಡಿರಬೇಕು ಎಂಬ ನಿಯಮವಿದೆ. ಇದು ಉಸಿರು ಹಿಡಿದುಕೊಂಡಂತೆ ಅಷ್ಟೇ, ಚಿಕಿತ್ಸೆ ಬಾಕಿ ಇದೆ.

ನನ್ನ ಅಂದಾಜು ಹೇಳುತ್ತೇನೆ. ದೊಡ್ಡ ಕಂಪನಿಯೊಂದು ಬಂದು 15 ವರ್ಷ ಎಲ್ಲ ಹೊರುತ್ತದೆ ಎಂಬ ಕಾಲ ಮುಗಿಯಿತು. 37.5 ಕೋಟಿ ಕೇಳಿದಾಗ ಯಾರೂ ಬರಲಿಲ್ಲ ಅಂದರೆ ಮಾರುಕಟ್ಟೆ ಬೆಲೆ ಹೇಳಿದೆ. ಅದನ್ನು ಒಪ್ಪಿಕೊಂಡು ಮುಂದೆ ಹೋಗುವುದೇ ಲೇಸು. ಉಳಿದಿರುವುದು ಕ್ಲಬ್‌ಗಳೇ ಸೇರಿ ಲೀಗ್ ನಡೆಸುವ ದಾರಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ 20 ಕ್ಲಬ್‌ಗಳ ಪಾಲುದಾರಿಕೆಯ ಕಂಪನಿಯೇ. ನಷ್ಟ ಹೇಗೂ ಕ್ಲಬ್‌ಗಳದ್ದೇ, ಹಾಗಿದ್ದ ಮೇಲೆ ತೀರ್ಮಾನವೂ ಅವರದ್ದೇ ಆಗಲಿ. ಫೆಡರೇಷನ್ ನಿಯಮ, ರೆಫರಿ, ಶಿಸ್ತು ನೋಡಿಕೊಳ್ಳಲಿ. ಸಂಬಳಕ್ಕೆ ಬಿಗಿಯಾದ ಮಿತಿ ಇರಲಿ. ಹೆಸರಿಗಾಗಿ ತರುವ ವಿದೇಶಿಯರು ಕಡಿಮೆಯಾಗಲಿ. ಲೀಗ್ ಸಪ್ಪೆ ಕಾಣಬಹುದು, ಪರವಾಗಿಲ್ಲ. ಅಮೆರಿಕದ್ದೂ ಹತ್ತು ವರ್ಷ ಸಪ್ಪೆಯಾಗೇ ಇತ್ತು.

ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ 54 ವರ್ಷಗಳ ನಂತರ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಅಂದರೆ ಹುಡುಗರು ಇದ್ದಾರೆ. ಇಲ್ಲದಿರುವುದು ಕ್ಲಬ್ಬಿಗೊಂದು ಸ್ವಂತ ಮನೆ. ಕಂಠೀರವ ರಾಜ್ಯ ಸರ್ಕಾರದ ಅಥ್ಲೆಟಿಕ್ಸ್ ಕ್ರೀಡಾಂಗಣ, ಫುಟ್‌ಬಾಲ್ ಕ್ಲಬ್ ಅಲ್ಲಿ ಬಾಡಿಗೆದಾರ. ಓಟಗಾರರಿಗೂ ಅಭ್ಯಾಸಕ್ಕೆ ಅದೇ ಜಾಗ ಬೇಕು, ಅವರ ದೂರಿನಲ್ಲೂ ನ್ಯಾಯವಿದೆ. ಬಾಡಿಗೆ ಮನೆಯಲ್ಲಿ ಊಟದ ಅಂಗಡಿ, ಜೆರ್ಸಿ ಅಂಗಡಿ ಇಟ್ಟು ವರ್ಷಪೂರ್ತಿ ಸಂಪಾದಿಸಲು ಆಗುವುದಿಲ್ಲ. ಹಾಗಾಗಿ ಮುಂದಿನ ಸಲ ಲೀಗ್ ಒಪ್ಪಂದದ ಸುದ್ದಿ ಬಂದಾಗ ಕೋಟಿಗಳ ಮೊತ್ತಕ್ಕಿಂತ ಮೊದಲು ನಾನು ಹುಡುಕುವುದು ಮೈದಾನದ ಗುತ್ತಿಗೆಯ ಸಾಲನ್ನು. 15 ಸಾವಿರ ಜನ ಕೂರುವ, ಗೆರೆಯ ಪಕ್ಕದಲ್ಲೇ ಕುರ್ಚಿ ಇರುವ, ಕಶಿಮಾದವರು ಕಟ್ಟಿದಂಥ ಒಂದು ಮೈದಾನ. ಕಂಠೀರವದಲ್ಲಿ ಈಗ ಗೋಲ್‌ಪೋಸ್ಟಿಗೂ ನನಗೂ ನಡುವೆ ಓಟದ ಟ್ರ್ಯಾಕ್ ಇದೆ.